98 ಕೆಜಿ ತೂಕಕ್ಕೆ ಎಷ್ಟು ಲೀಟರ್ ಬೋರ್ಡ್? ನನ್ನ ಅನುಭವ

ಆಮ್‌ಸ್ಟರ್‌ಡ್ಯಾಮ್ ಪಕ್ಕದ ಐಮೇರ್ ಸರೋವರದಲ್ಲಿ ವಿಂಡ್‌ಸರ್ಫಿಂಗ್ (ಹಾಯಿ ಇರುವ ಬೋರ್ಡಿನ ಮೇಲೆ ನಿಂತು ಗಾಳಿಯಿಂದ ಸಾಗುವ ಆಟ) ಕಲಿಯಲು ಹೋಗಿ ಎರಡು ತಿಂಗಳು ಬರೀ ನೀರಿಗೆ ಬೀಳುತ್ತಿದ್ದೆ. ಹಾಯಿ ಎತ್ತಲು ಹಗ್ಗ ಎಳೆದರೆ ಸಾಕು, ಬೋರ್ಡಿನ ಹಿಂಭಾಗ ಮುಳುಗಿ ಕಣಕಾಲಿನವರೆಗೆ ನೀರು ಬರುತ್ತಿತ್ತು. ಬ್ಯಾಲೆನ್ಸ್ ಸಾಲದು ಅಂದುಕೊಂಡಿದ್ದೆ. ತಪ್ಪು ಇದ್ದದ್ದು ಲೆಕ್ಕದಲ್ಲಿ.

ನನ್ನ ಬೋರ್ಡ್ 130 ಲೀಟರ್. ಸಿಹಿನೀರಿನಲ್ಲಿ ಒಂದು ಲೀಟರ್ ಗಾತ್ರ ಸುಮಾರು ಒಂದು ಕೆಜಿ ತೂಕವನ್ನಷ್ಟೇ ತೇಲಿಸುತ್ತದೆ. ನಾನು 98 ಕೆಜಿ. ಬೋರ್ಡ್ 11, ಹಾಯಿ, ಅದರ ಕಂಬ (ಮಾಸ್ಟ್), ಕೈಯಲ್ಲಿ ಹಿಡಿಯುವ ಅಡ್ಡಕೋಲು (ಬೂಮ್) ಸೇರಿ 10, ಒದ್ದೆ ವೆಟ್‌ಸೂಟ್ 3. ಒಟ್ಟು 122! ಉಳಿದದ್ದು ಎಂಟೇ ಲೀಟರ್. ಒಂದು ಹೆಜ್ಜೆ ಹಿಂದೆ ಇಟ್ಟರೆ ಮುಳುಗದೆ ಇನ್ನೇನು ಆಗುತ್ತೆ, ಅಲ್ವಾ?

ಬಾಡಿಗೆಗೆ 205 ಲೀಟರ್ ಬೋರ್ಡ್ ತಗೊಂಡೆ. ಅಗಲ 90 ಸೆಂಟಿಮೀಟರ್, ನಡುವೆ ಡ್ಯಾಗರ್‌ಬೋರ್ಡ್, ಅಂದರೆ ಬೋರ್ಡ್ ಪಕ್ಕಕ್ಕೆ ಜಾರದಂತೆ ನೀರಿನೊಳಗೆ ಇಳಿಬಿಡುವ ಹಲಗೆ. ಮೊದಲ ಸಲ ಹಾಯಿ ಎತ್ತಿದಾಗ ಪಾದ ಒಣಗಿಯೇ ಇತ್ತು. ಆ ಖುಷಿ ಹೇಳತೀರದು.

ಕಲಿಯುವವರು ತಮ್ಮ ತೂಕಕ್ಕೆ 80ರಿಂದ 100 ಲೀಟರ್ ಸೇರಿಸಿ ನೋಡಿ. ಲೀಟರ್ ಮಾತ್ರ ನೋಡಬೇಡಿ, ಅಗಲವೂ ಮುಖ್ಯ. ಬೋರ್ಡ್ ಅಕ್ಕಪಕ್ಕ ವಾಲದಂತೆ ತಡೆಯುವುದು ಅದೇ. ಹಳೆಯ 130 ಅನ್ನು ಮಾರಿಲ್ಲ. ನೀರಿನಲ್ಲಿದ್ದುಕೊಂಡೇ ಗಾಳಿಯ ಬಲದಿಂದ ಬೋರ್ಡ್ ಏರುವ ವಾಟರ್‌ಸ್ಟಾರ್ಟ್ ಕಲಿತ ಮೇಲೆ, ಜೋರು ಗಾಳಿಗೆ ಅದು ಬೇಕಾಗುತ್ತದೆ.