ಬಾಗಿಲ ಬಳಿಯ ಮೂರಡಿ ಜಾಗ

ಪುಣೆಯ ಕೋಥರೂಡಿನಲ್ಲಿರುವ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಎರಡು ಗಂಡುನಾಯಿಗಳಿವೆ. ಹಿರಿಯವನು ರಾಜಾ, ಲ್ಯಾಬ್ರಡಾರ್. ಕಿರಿಯವನು ಕರಿಯ, ಒಂದು ಮಳೆಗಾಲದಲ್ಲಿ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಸ್ಕೂಟರಿನ ಕೆಳಗೆ ನಡುಗುತ್ತ ಕುಳಿತಿದ್ದ ಬೀದಿಮರಿ. ಒಂದೂವರೆ ವರ್ಷ ತುಂಬುವವರೆಗೂ ಕರಿಯ ರಾಜಾನ ಬೆನ್ನಿಗೆ ಒರಗಿಯೇ ಮಲಗುತ್ತಿದ್ದ. ಹೀಗಾಗಿ ಒಂದು ಸಂಜೆ ನಾನು ಆಫೀಸಿನಿಂದ ಬಂದು, ಹೆಲ್ಮೆಟ್ ಇನ್ನೂ ಕೈಯಲ್ಲಿರುವಾಗಲೇ, ಇಬ್ಬರೂ ನನ್ನ ಕಾಲಬುಡದಲ್ಲಿ ಒಬ್ಬರನ್ನೊಬ್ಬರು ಕಚ್ಚಿ ಹಿಡಿದಾಗ ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಮಾಡಬಾರದ್ದನ್ನೇ ಮಾಡಿದೆ: ಕೊರಳಪಟ್ಟಿಗೆ ಕೈ ಹಾಕಿದೆ. ಜಗಳದ ಭರದಲ್ಲಿ ನಾಯಿಗೆ ಯಜಮಾನನ ಕೈಗೂ ಎದುರಾಳಿಯ ಕಿವಿಗೂ ವ್ಯತ್ಯಾಸ ತಿಳಿಯುವುದಿಲ್ಲ. ರಾಜಾನ ಹಲ್ಲು ನನ್ನ ಹೆಬ್ಬೆರಳಿನ ಬುಡಕ್ಕೆ ಇಳಿಯಿತು.

ಗಾಯವನ್ನು ಹದಿನೈದು ನಿಮಿಷ ನಲ್ಲಿಯ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು ದವಾಖಾನೆಗೆ ಹೋದೆ. ನಮ್ಮ ನಾಯಿಗಳಿಗೆ ವರ್ಷವರ್ಷವೂ ಲಸಿಕೆ ಹಾಕಿಸಿದ್ದೇವೆ ಎಂದರೂ ವೈದ್ಯರು ರೇಬಿಸ್ ಚುಚ್ಚುಮದ್ದನ್ನು ಬಿಡಲಿಲ್ಲ. 0, 3, 7 ಮತ್ತು 28ನೇ ದಿನ ತೋಳಿಗೆ ಚುಚ್ಚಿಸಿಕೊಂಡೆ. ಇತ್ತ ಕರಿಯನ ಕುತ್ತಿಗೆಯ ಕೂದಲಿನೊಳಗೆ ಎರಡು ಸಣ್ಣ ತೂತುಗಳು ಇದ್ದದ್ದು ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಮೂರನೆಯ ದಿನಕ್ಕೆ ಅಲ್ಲಿ ನಿಂಬೆಹಣ್ಣಿನಷ್ಟು ಗಾತ್ರದ ಕೀವುಗಡ್ಡೆ ಎದ್ದಿತು. ಕೋರೆಹಲ್ಲಿನ ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಆಳವಾಗಿರುತ್ತದೆ; ಜಗಳದ ನಂತರ ಮೈಯೆಲ್ಲ ಬೆರಳಿನಿಂದ ತಡವಿ ನೋಡಬೇಕೆಂಬುದನ್ನು ಅಂದು ಕಲಿತೆ.

ಮುಂದಿನ ತಪ್ಪು ಇನ್ನೂ ದೊಡ್ಡದು. ನಾಯಿಗಳಿಗೆ ತರಬೇತಿ ಕೊಡುವವರೊಬ್ಬರು ಬಂದು, ಇದು ಮನೆಯ ಯಜಮಾನಿಕೆಯ ಜಗಳ, ಹಿರಿಯವನ ಪಟ್ಟ ಉಳಿಯಬೇಕಾದರೆ ಕಿರಿಯವನು ಗುರ್ರೆಂದ ಕೂಡಲೇ ನೆಲಕ್ಕೆ ಕೆಡವಿ ಒತ್ತಿ ಹಿಡಿಯಿರಿ ಎಂದರು. ಮೂರು ವಾರ ಹಾಗೆಯೇ ಮಾಡಿದೆ. ಕರಿಯ ಗುರುಗುಟ್ಟುವುದನ್ನು ಬಿಟ್ಟ, ಕಚ್ಚುವುದನ್ನು ಬಿಡಲಿಲ್ಲ. ಮೊದಲು ಎಚ್ಚರಿಕೆ ಕೊಟ್ಟು ಕಚ್ಚುತ್ತಿದ್ದವನು ಈಗ ಸದ್ದಿಲ್ಲದೆ ಕಚ್ಚತೊಡಗಿದ. ಪಟ್ಟದ ಈ ವಾದ ಸೆರೆಯಲ್ಲಿಟ್ಟ ತೋಳಗಳನ್ನು ನೋಡಿ ಹುಟ್ಟಿದ್ದು, ಕಾಡಿನ ತೋಳದ ಗುಂಪು ಬಹುತೇಕ ತಂದೆತಾಯಿ ಮತ್ತು ಮರಿಗಳ ಕುಟುಂಬವಷ್ಟೇ ಎಂದು ತೋಳಗಳ ಅಧ್ಯಯನದಲ್ಲಿ ಹೆಸರಾದ ಅಮೆರಿಕದ ಡೇವಿಡ್ ಮೆಕ್ ಅವರೇ 1999ರಲ್ಲಿ ಬರೆದಿದ್ದಾರೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಪಶುವೈದ್ಯರು ಮಾತ್ರ ಜಗಳದ ಕಥೆ ಕೇಳುವ ಮೊದಲು ರಾಜಾನನ್ನು ನಡೆಸಿ ನೋಡಿದರು, ಹಿಂಗಾಲನ್ನು ಹಿಂದಕ್ಕೆ ಎಳೆದು ನೋಡಿದರು. ಎಕ್ಸ್‌ರೇಯಲ್ಲಿ ಸೊಂಟದ ಕೀಲು ಸವೆದದ್ದು ಕಂಡಿತು. ನಾನು ಮನೆಗೆ ಬಂದಾಗ ಕರಿಯ ಕುಣಿಯುತ್ತ ರಾಜಾನ ಸೊಂಟಕ್ಕೆ ಡಿಕ್ಕಿ ಹೊಡೆಯುತ್ತಿದ್ದ. ನೋವಿಗೆ ರಾಜಾ ತಿರುಗಿ ಬೀಳುತ್ತಿದ್ದ. ಪ್ರಾಯಕ್ಕೆ ಬಂದಿದ್ದ ಕರಿಯ ಮರಿಯಾಗಿದ್ದಾಗಿನಂತೆ ಅದನ್ನು ಸಹಿಸಿಕೊಳ್ಳುತ್ತಿರಲಿಲ್ಲ. ರಾಜಾನಿಗೆ ನಾಯಿಗಳಿಗೆಂದೇ ಇರುವ ನೋವಿನ ಔಷಧಿ ಶುರುವಾಯಿತು. ಮನೆಯಲ್ಲಿರುವ ಐಬುಪ್ರೊಫೆನ್‌ನಂತಹ ಮಾತ್ರೆ ನಾಯಿಗೆ ವಿಷ, ಅದನ್ನು ಮುಟ್ಟಬೇಡಿ ಎಂದು ವೈದ್ಯರು ಎರಡು ಸಲ ಹೇಳಿ ಕಳಿಸಿದರು. ಕರಿಯನಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದೆವು. ಅದರಿಂದ ಗೋಡೆಗೆ ಉಚ್ಚೆ ಹೊಯ್ಯುವುದು ನಿಂತಿತು. ಜಗಳ ನಿಲ್ಲಲಿಲ್ಲ, ರೂಢಿಯಾಗಿಬಿಟ್ಟ ಜಗಳ ಶಸ್ತ್ರಚಿಕಿತ್ಸೆಯೊಂದರಿಂದಲೇ ಹೋಗುವ ಭರವಸೆಯಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರು.

ನಿಜವಾಗಿ ದಾರಿ ತೋರಿಸಿದ್ದು ಫ್ರಿಜ್ಜಿನ ಮೇಲಿಟ್ಟ ಒಂದು ನೋಟ್‌ಬುಕ್. ಗುರುಗುಟ್ಟಿದ್ದು, ಸೆಟೆದು ನಿಂತದ್ದು, ಕಚ್ಚಿದ್ದು, ಎಲ್ಲವನ್ನೂ ಜಾಗ ಮತ್ತು ಹೊತ್ತಿನ ಸಮೇತ ಬರೆದೆವು. ಆರು ವಾರಗಳಲ್ಲಿ ಹನ್ನೊಂದು ಘಟನೆಗಳಾದವು. ಅವುಗಳಲ್ಲಿ ಏಳು ಘಟನೆ ಮುಂಬಾಗಿಲು ಮತ್ತು ಚಪ್ಪಲಿ ಸ್ಟ್ಯಾಂಡಿನ ನಡುವಿನ ಮೂರಡಿ ಜಾಗದಲ್ಲಿ, ಮೂರು ಅಡುಗೆಮನೆಯ ಹೊಸ್ತಿಲಲ್ಲಿ, ಒಂದು ಸೋಫಾದ ಮೇಲೆ. ಅಡುಗೆಮನೆಯ ಮೂರಕ್ಕೂ ಕಾರಣ ಅವ್ವ ಎಸೆಯುತ್ತಿದ್ದ ಮೊದಲ ರೊಟ್ಟಿ. ಇನ್ನು ಎಸೆಯಬೇಡ ಎಂದಾಗ ಅವ್ವ, “ಧಾರವಾಡದಾಗ ನಮ್ಮ ಹಿತ್ತಲಕ ನಾಕು ನಾಯಿ ಬರ್ತಿದ್ವು, ಎಲ್ಲಾಕ್ಕೂ ಒಗೀತಿದ್ದೆ, ಎಂದಾರ ಜಗಳಾಡ್ಯಾವೇನು?” ಎಂದಳು. ಅವಳ ಮಾತು ಸುಳ್ಳಲ್ಲ. ಹಿತ್ತಲಿನಲ್ಲಿ ಸೋಲುವ ನಾಯಿ ಬಾಲ ಮುದುಡಿ ಹತ್ತು ಹೆಜ್ಜೆ ದೂರ ಹೋಗಬಹುದು. ಫ್ಲ್ಯಾಟಿನ ಹೊಸ್ತಿಲಲ್ಲಿ ಹೋಗುವುದಾದರೂ ಎಲ್ಲಿಗೆ?

ಬಡಗಿಯನ್ನು ಕರೆಸಿ ಹಾಲ್ ಮತ್ತು ಬೆಡ್‌ರೂಮಿನ ನಡುವೆ ಎದೆಮಟ್ಟದ ಸರಳಿನ ಅರ್ಧಬಾಗಿಲು ಮಾಡಿಸಿದೆ. ಮೂರು ವಾರ ಇಬ್ಬರನ್ನೂ ಪೂರ್ತಿ ಬೇರೆಯಿಟ್ಟು, ಸರದಿಯ ಮೇಲೆ ಹಾಲ್‌ಗೆ ಬಿಟ್ಟೆವು. ಸರಳಿನ ಸಂದಿನಿಂದ ದುರುಗುಟ್ಟಿ ನೋಡುವುದೂ ಒಂದು ಜಗಳವೇ ಎಂದು ಗೊತ್ತಾದ ಮೇಲೆ ಅದಕ್ಕೆ ಹಳೆಯ ಚಾದರ ಹೊದಿಸಿದೆವು. ನಂತರ ಬೆಳಿಗ್ಗೆ ವೇತಾಳ ಟೇಕಡಿ ಎಂಬ ಗುಡ್ಡದ ಮೇಲೆ ನಾನು ರಾಜಾನನ್ನೂ ನನ್ನ ಹೆಂಡತಿ ಕರಿಯನನ್ನೂ ಹಿಡಿದು, ಇಪ್ಪತ್ತು ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆದೆವು. ಎದುರುಬದುರು ಎಂದೂ ತರಲಿಲ್ಲ. ಒಬ್ಬ ಇನ್ನೊಬ್ಬನತ್ತ ನೋಡಿ ತಾನಾಗಿ ಮುಖ ತಿರುಗಿಸಿದಾಗಲೆಲ್ಲ ಬೇಯಿಸಿದ ಕೋಳಿಯ ಚೂರು ಕೊಟ್ಟೆವು. ಅಂತರ ಐದು ಅಡಿಗೆ ಇಳಿಯಲು ಎರಡು ತಿಂಗಳು ಹಿಡಿಯಿತು. ಮನೆಯೊಳಗೆ ಮೊದಮೊದಲು ಇಬ್ಬರಿಗೂ ಬುಟ್ಟಿಯಂತಹ ಬಾಯಿಕುಕ್ಕೆ ಹಾಕಿ ಒಟ್ಟಿಗೆ ಬಿಟ್ಟೆವು. ಅದರೊಳಗೆ ಮೊಸರು ಸವರಿ ನೆಕ್ಕಿಸಿ ರೂಢಿ ಮಾಡಿಸಿದ್ದೆವು. ಬಾಯಿಯನ್ನು ಬಿಗಿಯುವ ಬಟ್ಟೆಯ ಪಟ್ಟಿ ಬೇಡ, ಅದರಲ್ಲಿ ನಾಯಿ ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳಲಾರದು.

ಜಗಳದ ಮುನ್ಸೂಚನೆ ಗುರುಗುಡುವುದೇ ಎಂದುಕೊಂಡಿದ್ದೆ. ನಮ್ಮ ಕರಿಯನಲ್ಲಿ ಅದಕ್ಕೂ ಮೊದಲು ಇನ್ನೊಂದು ನಡೆಯುತ್ತದೆ: ತೆರೆದು ತೇಕುತ್ತಿರುವ ಬಾಯಿ ಥಟ್ಟನೆ ಮುಚ್ಚಿಕೊಳ್ಳುತ್ತದೆ, ಬಾಲ ಎತ್ತಿದಲ್ಲೇ ನಿಲ್ಲುತ್ತದೆ, ಮೈ ಎರಡು ಸೆಕೆಂಡು ಕಲ್ಲಾಗುತ್ತದೆ. ಆ ಎರಡು ಸೆಕೆಂಡಿನಲ್ಲಿ ಹಗುರವಾದ ದನಿಯಲ್ಲಿ ಹೆಸರು ಹಿಡಿದು ಕರೆದರೆ ಬರುತ್ತಾನೆ, ಗದರಿದರೆ ಎರಗುತ್ತಾನೆ. ಕೈಮೀರಿದ ದಿನಕ್ಕೆಂದು ಬಾಗಿಲ ಹಿಂದೆ ಒಂದು ಪ್ಲೈವುಡ್ ಹಲಗೆ ಇಟ್ಟಿದ್ದೇನೆ. ನಡುವೆ ಅದನ್ನು ತೂರಿಸುವುದು, ಇಲ್ಲವೇ ಬಕೆಟ್ ನೀರು ಸುರಿಯುವುದು. ಹಲ್ಲು ಊರಿದ್ದಾಗ ಹಿಡಿದೆಳೆದರೆ ಮಾಂಸ ಹರಿಯುತ್ತದೆ.

ಗಣಪತಿ ವಿಸರ್ಜನೆಯ ದಿನ ಢೋಲ್‌ತಾಶೆಯ ಸದ್ದು ಗಾಜಿನ ಕಿಟಕಿಯನ್ನೇ ಅದುರಿಸುವಾಗ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿರುತ್ತಾರೆ. ಹೆದರಿದ ನಾಯಿ ಪಕ್ಕದಲ್ಲಿ ಯಾರಿದ್ದರೆ ಅವರ ಮೇಲೆ ಬೀಳಬಹುದು. ಅವ್ವ ಈಗ ರೊಟ್ಟಿಯನ್ನು ಎರಡು ತಟ್ಟೆಯಲ್ಲಿ, ಅರ್ಧಬಾಗಿಲಿನ ಆಚೆಗೊಂದು ಈಚೆಗೊಂದು, ಇಡುತ್ತಾಳೆ.

ಎರಡು ವರ್ಷವಾಯಿತು. ಅವರು ಮತ್ತೆಂದೂ ಬೆನ್ನಿಗೆ ಬೆನ್ನು ಕೊಟ್ಟು ಮಲಗಿಲ್ಲ, ನಾನೂ ಆ ಆಸೆಯನ್ನು ಬಿಟ್ಟಿದ್ದೇನೆ. ರಾತ್ರಿ ಊಟದ ನಂತರ ಒಂದು ತಾಸು ಹಾಲ್‌ನ ಎರಡು ಮೂಲೆಗಳಲ್ಲಿ ಮಲಗುತ್ತಾರೆ. ಸಂಜೆ ನಾನು ಪಾರ್ಕಿಂಗಿನಿಂದ ಫೋನ್ ಮಾಡಿದ ಮೇಲೆ ಹೆಂಡತಿ ಅರ್ಧಬಾಗಿಲನ್ನು ಎಳೆಯುತ್ತಾಳೆ, ಅದರ ತಿರುಗಣಿ ಕಿರ್ರೆನ್ನುತ್ತದೆ, ಕರಿಯ ಆ ಸದ್ದಿಗೇ ಎದ್ದು ತಾನಾಗಿ ಒಳಗೆ ಹೋಗುತ್ತಾನೆ. ಆದ್ದರಿಂದ ಆ ತಿರುಗಣಿಗೆ ನಾವು ಎಣ್ಣೆ ಹಾಕಿಲ್ಲ.