ಪಠ್ಯಪುಸ್ತಕದ ಲಕ್ಷಣ, ರಾಯಚೂರಿನ ಮಾತು: ನನ್ನ ಅನುಭವ

ಮನೋವೈದ್ಯಕೀಯದ ಪುಸ್ತಕಗಳಲ್ಲಿ ಒಂದೇ ಹೆಸರಿನ ಲಕ್ಷಣಕ್ಕೆ ಎರಡು ಮೂರು ಅರ್ಥಗಳಿವೆ. ಯಾವ ಅರ್ಥ ಹಿಡಿದು ಕೇಳುತ್ತಿದ್ದೇವೆ ಎಂಬುದು ಗೊತ್ತಿಲ್ಲದೆ ರೋಗಿಯ ಮುಂದೆ ಕೂತರೆ ಕೇಸ್‌ಶೀಟ್ ತಪ್ಪಾಗುತ್ತದೆ. ಅದಕ್ಕೇ ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಲಕ್ಷಣಕ್ಕೊಂದು ಪುಟ ಬಿಟ್ಟು ನಾಲ್ಕು ಕಾಲಂ ಎಳೆದುಕೊಂಡೆ: ಪುಸ್ತಕದ ವಾಕ್ಯ ಇದ್ದಹಾಗೆ, ಅದನ್ನು ಬಿಡಿಸಿದರೆ ಸಿಗುವ ಷರತ್ತುಗಳು, ಇಲ್ಲಿನ ಮಂದಿಗೆ ಕೇಳುವ ಪ್ರಶ್ನೆ, ಲಕ್ಷಣದಂತೆ ಕಂಡರೂ ಲಕ್ಷಣವಲ್ಲದ್ದು. ನಾಲ್ಕನೆಯದು ಖಾಲಿ ಉಳಿದರೆ ವ್ಯಾಖ್ಯೆ ಇನ್ನೂ ಅರ್ಥವಾಗಿಲ್ಲ ಎಂದೇ ಲೆಕ್ಕ.

ಹೆಚ್ಚು ಹೊತ್ತು ತಿಂದದ್ದು ಥಾಟ್ ಬ್ರಾಡ್‌ಕಾಸ್ಟಿಂಗ್, ಅಂದರೆ ತನ್ನ ವಿಚಾರ ಬೇರೆಯವರಿಗೂ ತಲುಪುತ್ತಿದೆ ಎಂದು ರೋಗಿಗೆ ಅನಿಸುವುದು. ಒಂದು ಅರ್ಥದಲ್ಲಿ ವಿಚಾರಗಳು ತಲೆಯೊಳಗೆ ಗಟ್ಟಿಯಾಗಿ ನುಡಿಯುತ್ತವೆ, ಪಕ್ಕದವರಿಗೂ ಕೇಳಿಸುತ್ತವೆ. ಇನ್ನೊಂದರಲ್ಲಿ ಸದ್ದೇ ಇಲ್ಲ, ವಿಚಾರ ತಾನಾಗಿ ಹೊರಗೆ ಹೋಗಿ ಎಲ್ಲರಿಗೂ ತಿಳಿಯುತ್ತದೆ. ಮೂರನೆಯದರಲ್ಲಿ ತಾನು ಯೋಚಿಸಿದ್ದನ್ನೇ ಬೇರೆಯವರೂ ಅದೇ ಕ್ಷಣದಲ್ಲಿ ಯೋಚಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-10ರಲ್ಲಿ ಈ ಲಕ್ಷಣ ಸ್ಪಷ್ಟವಾಗಿ ಒಂದು ತಿಂಗಳು ಇದ್ದರೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಎನ್ನಲು ಅದೊಂದೇ ಸಾಕಾಗುತ್ತಿತ್ತು. ಒಂದು ತಪ್ಪು "ಹೌದು" ಎಂದರೆ ವರ್ಷಗಟ್ಟಲೆ ಮಾತ್ರೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ, ತಾನೂ ಇಂಥ ಲಕ್ಷಣಗಳಿಗೆ ಹಿಂದೆ ಕೊಟ್ಟಿದ್ದ ವಿಶೇಷ ತೂಕವನ್ನು 2013ರ ಐದನೆಯ ಆವೃತ್ತಿಯಲ್ಲಿ (ಡಿಎಸ್ಎಂ-5) ತೆಗೆದುಹಾಕಿತು.

"ನಿಮ್ಮ ಮನಸ್ಸಿನ್ಯಾಗಿಂದು ಮಂದೀಗೆ ತಿಳೀತದೇನ್ರಿ?" ಎಂದು ಕೇಳಿದರೆ ಆರೋಗ್ಯವಂತರೂ "ಹೌದ್ರಿ, ನಮ್ಮವ್ವ ಮಾರಿ ನೋಡೇ ಹೇಳ್ತಾಳ" ಎನ್ನುತ್ತಾರೆ. ಅಷ್ಟಕ್ಕೇ ಟಿಕ್ ಹಾಕಬಾರದು. ಮುಂದೆ ಎರಡು ಪ್ರಶ್ನೆ ಬೇಕೇ ಬೇಕು: "ಮಾರಿ ನೋಡಿ ತಿಳ್ಕೋತಾರೋ, ವಿಚಾರನೇ ಹೊರಗ ಹೋಗ್ತದೋ?", "ಬಸ್‌ಸ್ಟ್ಯಾಂಡಿನ್ಯಾಗ ನಿಂತ ಗುರ್ತಿಲ್ಲದವ್ರಿಗೂ ತಿಳೀತದೇನು?" ಆಮೇಲೆ ಸದ್ದು ಇದೆಯೋ ಇಲ್ಲವೋ ಕೇಳಿ, ಮೂರರಲ್ಲಿ ಯಾವುದೆಂದು ಬರೆಯಬೇಕು.

ಡೆಲ್ಯೂಷನ್‌ಗೆ "ಸುಳ್ಳು ನಂಬಿಕೆ" ಎಂಬ ಹಳೆಯ ವ್ಯಾಖ್ಯೆ ಕೆಲಸಕ್ಕೆ ಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗುಳೆ ಹೋಗಿ ಬಂದ ಗಂಡ ಹೆಂಡತಿಯ ಮೇಲೆ ಸಂಶಯಪಟ್ಟರೆ ಸುಳ್ಳೋ ಖರೆಯೋ ಎಂದು ವಿಚಾರಣೆ ಮಾಡುವುದು ವೈದ್ಯರ ಕೆಲಸವಲ್ಲ. ಸಂಶಯ ಖರೆಯೇ ಆಗಿದ್ದರೂ ಅದು ಡೆಲ್ಯೂಷನ್ ಆಗಿರಬಹುದು. "ಹ್ಯಾಂಗ ಗೊತ್ತಾತು?" ಎಂದು ಕೇಳಬೇಕು. "ಒಣಹಾಕಿದ ಸೀರಿ ಮಗ್ಗಲ ಬದಲಾಗಿತ್ತು, ಅಲ್ಲಿಗೇ ತಿಳೀತು" ಎಂಬ ಉತ್ತರದಲ್ಲಿ ಲಕ್ಷಣ ಇದೆ. ಡಿಎಸ್ಎಂ-5ರ ಸ್ಕಿಜೋಫ್ರೇನಿಯಾ ಅಧ್ಯಾಯ ಕೂಡ "ಸುಳ್ಳು" ಎಂಬುದನ್ನು ಬಿಟ್ಟು, ಎದುರು ಸಾಕ್ಷಿ ಸಿಕ್ಕರೂ ಬದಲಾಗದ ನಂಬಿಕೆ ಎಂದಿತು. ಬದಲಾಗದ್ದು ಎಂದರೆ ಎಷ್ಟು? ವಯಸ್ಸಾದವರಿಗೆ "ರೂಪಾಯಿಗೆ ಎಷ್ಟಾಣೆ ಖರೆ ಅನಸ್ತದ?" ಎಂದೂ ಹುಡುಗರಿಗೆ ನೂರಕ್ಕೆ ಎಷ್ಟೆಂದೂ ಕೇಳುತ್ತೇನೆ. ವಾರ ಬಿಟ್ಟು ಮತ್ತೆ ಕೇಳಿದಾಗ ಹದಿನಾರಾಣೆ ಇದ್ದದ್ದು ಹತ್ತಾಣೆಗೆ ಇಳಿದಿದ್ದರೆ ಎರಡನ್ನೂ ದಿನಾಂಕದೊಂದಿಗೆ ಬರೆಯುತ್ತೇನೆ. "ಯಾರೋ ಮಾಟ ಮಾಡಿಸ್ಯಾರ" ಎಂಬ ಮಾತಿಗೆ ಮನೆಯವರನ್ನೂ ಬೇರೆಯಾಗಿ ಕೇಳಬೇಕು; ಓಣಿಯೇ ನಂಬುವುದನ್ನು ಒಬ್ಬರ ರೋಗ ಎನ್ನಲಾಗದು. ಹುಲಿಗೆಮ್ಮ ಮೈಮೇಲೆ ಬರುವುದೂ ಹಾಗೆಯೇ: ಹುಲಿಗಿಯ ಗುಡಿಯಲ್ಲಿ ಬಂದು ಇಳಿಯುತ್ತದೋ, ಹೊಲದಲ್ಲಿ ಕಳೆ ಕೀಳುವಾಗಲೂ ಬಂದು ಕೆಲಸ ಕೆಡಿಸುತ್ತದೋ ನೋಡಬೇಕು.

ಹ್ಯಾಲ್ಯುಸಿನೇಷನ್ನಿಗೆ, ಅಂದರೆ ಇಲ್ಲದ್ದು ಕೇಳುವುದಕ್ಕೆ ಅಥವಾ ಕಾಣುವುದಕ್ಕೆ, "ಯಾರೂ ಇಲ್ದಾಗ ಮಾತು ಕೇಳಸ್ತಾವೇನು?" ಎಂದರೆ ಗೋಡೆಯಾಚೆಯ ಮನೆಯವರ ಮಾತನ್ನೂ ಎಣಿಸಿ ಹೇಳುತ್ತಾರೆ. ಕಿವಿಯ ಗುಂಯ್ ಸದ್ದು, ನಿದ್ದೆ ಹತ್ತುವಾಗ ಹೆಸರು ಕರೆದಂತಾಗುವುದು, ಇವು ನಾಲ್ಕನೆಯ ಕಾಲಂಗೆ. ಕನ್ನಡದಲ್ಲಿ ಡೆಲ್ಯೂಷನ್, ಹ್ಯಾಲ್ಯುಸಿನೇಷನ್ ಎರಡಕ್ಕೂ "ಭ್ರಮೆ" ಎಂದು ಬರೆಯುವ ರೂಢಿ ಬಿಡಬೇಕು. ಸೂಡೋಹ್ಯಾಲ್ಯುಸಿನೇಷನ್ ಎಂಬ ಪದವನ್ನಂತೂ ನಾನು ಬರೆಯುವುದೇ ಇಲ್ಲ. ಕೆಲವರಿಗೆ ಅದು ತಲೆಯೊಳಗಿನ ದನಿ, ಕೆಲವರಿಗೆ ನಿಜವಲ್ಲವೆಂದು ರೋಗಿಗೇ ಗೊತ್ತಿರುವ ದನಿ. "ದನಿ ತಲೆಯೊಳಗೆ, ನಿಜವೆಂದೇ ನಂಬಿಕೆ" ಎಂದು ಬಿಡಿಸಿ ಬರೆದರೆ ಓದುವವರಿಗೆ ಗೊಂದಲವಿಲ್ಲ.

ಪುಟ ತಯಾರಾದ ಮೇಲೆ ಇಬ್ಬರು ವೈದ್ಯರು ಕೂತು, ಒಬ್ಬರದ್ದೊಬ್ಬರು ನೋಡದೆ, ಅದೇ 20 ರೋಗಿಗಳಿಗೆ ಹೌದು-ಇಲ್ಲ ಹಾಕಬೇಕು. ಇಲ್ಲಿ ಶೇಕಡಾವಾರು ಮೋಸ ಮಾಡುತ್ತದೆ. 18 ಜನರಿಗೆ ಇಬ್ಬರೂ "ಇಲ್ಲ" ಎಂದು, ಉಳಿದ ಇಬ್ಬರು ರೋಗಿಗಳಿಗೆ ಒಬ್ಬ ವೈದ್ಯರು "ಹೌದು", ಇನ್ನೊಬ್ಬರು "ಇಲ್ಲ" ಎಂದರೆ ಹೊಂದಿಕೆ ಶೇ. 90, ಆದರೆ "ಹೌದು" ಎಂಬುದರಲ್ಲಿ ಒಮ್ಮೆಯೂ ಒಪ್ಪಿಲ್ಲ. ಆ ಎರಡು ಕೇಸುಗಳಲ್ಲಿ ರೋಗಿ ಆಡಿದ ಮಾತನ್ನು ಅಕ್ಷರಶಃ ತೆಗೆದು, ಎರಡನೆಯ ಕಾಲಂನ ಯಾವ ಷರತ್ತಿನಲ್ಲಿ ದಾರಿ ಬೇರೆಯಾಯಿತು ಎಂದು ಹುಡುಕಿ, ಪ್ರಶ್ನೆಯನ್ನು ತಿದ್ದಿ, ಬೇರೆ 20 ಜನರಿಗೆ ಮತ್ತೆ ಕೇಳಬೇಕು.