ಮಕ್ಕಳೊಂದಿಗೆ ಮನೆ ಹತ್ತಿರದ ಪುಟ್ಟ ಪಾರ್ಕಿಗೆ ಹೋಗುವುದು ಹೇಗೆ?

ಎರಡು ಉಯ್ಯಾಲೆ, ಒಂದು ಜಾರುಬಂಡಿ, ನಾಲ್ಕಾರು ಬೆಂಚು, ಸುತ್ತ ಒಂದಿಷ್ಟು ಮರಗಳು. ಇಷ್ಟೇ ಇರುವ ಪಾರ್ಕಿಗೆ ಹೋಗಿಬರಲು ಸಿದ್ಧತೆಯೇನೂ ಬೇಡವೆಂದು ಹೆಚ್ಚಿನವರು ಭಾವಿಸುತ್ತಾರೆ. ಹಾಗೆಂದುಕೊಂಡು ಹೊರಟವರಲ್ಲಿ ಎಷ್ಟೋ ಮಂದಿ ಬಾಯಾರಿದ ಮಗು, ಕಾದ ಜಾರುಬಂಡಿ, ಆಟಿಕೆಗಾಗಿ ಎದ್ದ ಜಗಳ ಇವುಗಳ ನಡುವೆ ಸಿಕ್ಕಿ ಕಾಲು ಗಂಟೆಯೊಳಗೆ ಮನೆಗೆ ಮರಳುತ್ತಾರೆ. ಪಾರ್ಕು ಚಿಕ್ಕದೆಂಬುದು ಇದಕ್ಕೆ ಕಾರಣವಲ್ಲ. ಚಿಕ್ಕದಾಗಿರುವುದೇ ಅದರ ಅನುಕೂಲ ಎಂಬುದು ನನ್ನ ದೃಢ ಅಭಿಪ್ರಾಯ: ಇಡೀ ಜಾಗ ಒಂದೇ ನೋಟಕ್ಕೆ ಸಿಗುತ್ತದೆ, ಮಗುವಿಗೆ ಅದರ ಮೂಲೆ ಮೂಲೆಯೂ ಪರಿಚಯವಾಗುತ್ತದೆ ಮತ್ತು ಹತ್ತಿರವಿರುವುದರಿಂದ ಮತ್ತೆ ಮತ್ತೆ ಹೋಗಲು ಸಾಧ್ಯವಾಗುತ್ತದೆ.

ನಗರವಾಸಿಗಳಿಗೆ ಮನೆಯಿಂದ 300 ಮೀಟರ್ ಒಳಗೆ, ಅಂದರೆ ಸುಮಾರು ಐದು ನಿಮಿಷದ ನಡಿಗೆಯಲ್ಲಿ, ಅರ್ಧದಿಂದ ಒಂದು ಹೆಕ್ಟೇರಿನಷ್ಟಾದರೂ ಸಾರ್ವಜನಿಕ ಹಸಿರು ಜಾಗ ಸಿಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಪ್ರಾದೇಶಿಕ ಕಚೇರಿ ಹೇಳುವ ಸ್ಥೂಲ ಅಳತೆ. ಅದೇ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಮೂರು–ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಚಲಿಸುವಂತೆ ಆಡಬೇಕು, ಅದರಲ್ಲಿ 60 ನಿಮಿಷವಾದರೂ ಓಟ, ಜಿಗಿತಗಳಂಥ ಚುರುಕಿನ ಆಟವಾಗಿರಬೇಕು. ವಾರಕ್ಕೊಮ್ಮೆ ದೂರದ ದೊಡ್ಡ ಉದ್ಯಾನಕ್ಕೆ ಹೋಗುವುದರಿಂದ ಈ ಲೆಕ್ಕ ತುಂಬುವುದಿಲ್ಲ. ದಿನವೂ ಅಥವಾ ದಿನ ಬಿಟ್ಟು ದಿನ ಹತ್ತಿರದ ಪಾರ್ಕಿನಲ್ಲಿ ಕಳೆಯುವ ಮುಕ್ಕಾಲು ಗಂಟೆ ಈ ವಿಷಯದಲ್ಲಿ ಹೆಚ್ಚು ಉಪಯುಕ್ತ.

ಹೊರಡುವ ಮೊದಲು

ಮಗು ನಿದ್ದೆ ಮುಗಿಸಿ, ಹೊಟ್ಟೆ ತುಂಬಿ ಲವಲವಿಕೆಯಿಂದ ಇರುವ ಹೊತ್ತನ್ನೇ ಆರಿಸಿಕೊಳ್ಳಬೇಕು. ಬಿಸಿಲಿನ ದಿನಗಳಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಅವಧಿಯನ್ನು ಬಿಟ್ಟರೆ ಒಳ್ಳೆಯದು, ಏಕೆಂದರೆ ಸೂರ್ಯನ ನೇರಳಾತೀತ ಕಿರಣಗಳು ಆ ಹೊತ್ತಿನಲ್ಲೇ ಅತಿ ತೀವ್ರವಾಗಿರುತ್ತವೆ. ಚೀಲದಲ್ಲಿ ನೀರು, ಟೋಪಿ, ಒರೆಸುವ ಬಟ್ಟೆ, ಗಾಯಕ್ಕೆ ಅಂಟಿಸುವ ಪಟ್ಟಿ, ಒಂದು ಜೊತೆ ಬಟ್ಟೆ ಇದ್ದರೆ ಸಾಕು.

ತೊಡಿಸುವ ಬಟ್ಟೆಯ ಬಗ್ಗೆ ಮಾತ್ರ ಹೆಚ್ಚು ಎಚ್ಚರ ಬೇಕು. ಕುತ್ತಿಗೆಯ ಬಳಿ ಇಳಿಬಿದ್ದ ದಾರವಿರುವ ಅಂಗಿ, ಕೊರಳಿಗೆ ಸುತ್ತಿದ ಶಾಲು, ಉದ್ದನೆಯ ಸರ ಇವು ಜಾರುಬಂಡಿಯ ತುದಿಯಲ್ಲೋ ಕಂಬಿಗಳ ಸಂದಿನಲ್ಲೋ ಸಿಕ್ಕಿಕೊಂಡು ಮಗುವಿನ ಉಸಿರುಗಟ್ಟಿಸಬಹುದು. ಸೈಕಲ್ಲಿನಲ್ಲಿ ಬಂದ ಮಗು ಆಟದ ಸಲಕರಣೆ ಹತ್ತುವ ಮೊದಲು ಹೆಲ್ಮೆಟ್ ಕಳಚಿಡಬೇಕು. ಮೈ ಹಾದುಹೋಗುವ ಸಂದಿನಲ್ಲಿ ಹೆಲ್ಮೆಟ್ ಸಿಕ್ಕಿಕೊಂಡರೆ ಮಗು ಕೊರಳಿನ ಪಟ್ಟಿಯಿಂದ ನೇತಾಡುವ ಸ್ಥಿತಿ ಬರುತ್ತದೆ. ಪಾದಕ್ಕೆ ಬೆರಳು ಮುಚ್ಚುವ ಚಪ್ಪಲಿ ಅಥವಾ ಬೂಟು ಇರಲಿ.

ಒಳಗೆ ಬಂದ ಕೂಡಲೇ ಒಂದು ಸುತ್ತು

ಮಗು ಉಯ್ಯಾಲೆಯತ್ತ ಕೈ ಹಿಡಿದು ಎಳೆದರೂ ಮೊದಲು ಅದರೊಡನೆ ಇಡೀ ಪಾರ್ಕನ್ನು ಒಂದು ಸುತ್ತು ಹಾಕುವುದು ಉತ್ತಮ. ಗೇಟಿನ ಚಿಲಕ ಸರಿಯಾಗಿ ಬೀಳುತ್ತದೆಯೇ, ಬೇಲಿಯಲ್ಲಿ ರಸ್ತೆಯ ಕಡೆಗೆ ತೆರೆದ ಜಾಗವಿದೆಯೇ, ನೀರು ನಿಂತ ತೊಟ್ಟಿ ಅಥವಾ ಮುಚ್ಚಳವಿಲ್ಲದ ಗುಂಡಿ ಇದೆಯೇ, ಮರಳಿನಲ್ಲಿ ಗಾಜಿನ ಚೂರೋ ಪ್ರಾಣಿಗಳ ಹೇಸಿಗೆಯೋ ಇದೆಯೇ ಎಂಬುದೆಲ್ಲ ಆ ಒಂದು ಸುತ್ತಿನಲ್ಲಿ ತಿಳಿಯುತ್ತದೆ.

ಅನಂತರ ಸಲಕರಣೆಗಳ ಕೆಳಗಿನ ನೆಲವನ್ನು ನೋಡಬೇಕು. ಆಟದ ಜಾಗದಲ್ಲಿ ಆಗುವ ಗಾಯಗಳಲ್ಲಿ ಹೆಚ್ಚಿನವು ಬೀಳುವುದರಿಂದ ಆಗುವಂಥವು. ಬಿದ್ದಾಗ ಪೆಟ್ಟು ಎಷ್ಟಾಗುತ್ತದೆ ಎಂಬುದು ಬೀಳುವ ಎತ್ತರವನ್ನೂ ಕೆಳಗಿನ ಹಾಸನ್ನೂ ಅವಲಂಬಿಸಿರುತ್ತದೆ. ಕಾಂಕ್ರೀಟು, ಡಾಂಬರು, ತುಳಿದು ಗಟ್ಟಿಯಾದ ಮಣ್ಣು ಇವುಗಳ ಮೇಲೆ ನಿಲ್ಲಿಸಿದ ಎತ್ತರದ ಸಲಕರಣೆಗೆ ಮಗುವನ್ನು ಬಿಡದಿರುವುದೇ ಸರಿ. ಮರದ ಚೂರಿನಂಥ ಸಡಿಲ ಹಾಸು ಕನಿಷ್ಠ 23 ಸೆಂಟಿಮೀಟರ್ ದಪ್ಪವಿರಬೇಕೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿ ಹೇಳುತ್ತದೆ. ಉಯ್ಯಾಲೆಯ ಕೆಳಗೆ ಮತ್ತು ಜಾರುಬಂಡಿಯ ಬಾಯಲ್ಲಿ ಮಕ್ಕಳ ಕಾಲು ಉಜ್ಜಿ ಉಜ್ಜಿ ಹಾಸು ಪಕ್ಕಕ್ಕೆ ಸರಿದು, ಗಟ್ಟಿ ನೆಲ ಕಾಣುವ ತಗ್ಗು ಬಿದ್ದಿರುತ್ತದೆ. ಆಡಿಸುವ ಮೊದಲು ಸುತ್ತಲಿನ ಮರಳನ್ನು ಕಾಲಿನಿಂದ ಆ ತಗ್ಗಿಗೆ ತಳ್ಳಿ ತುಂಬಲು ಎರಡು ನಿಮಿಷವೂ ಬೇಕಾಗದು.

ಕಂಬಿಗಳ ನಡುವಿನ ಸಂದನ್ನೂ ಗಮನಿಸಬೇಕು. ಸುಮಾರು 9ರಿಂದ 23 ಸೆಂಟಿಮೀಟರ್ ಅಗಲದ ಸಂದುಗಳು ಅಪಾಯಕಾರಿ, ಏಕೆಂದರೆ ಪುಟ್ಟ ಮಗು ಕಾಲು ಮುಂದಾಗಿ ಅದರಲ್ಲಿ ನುಸುಳಿದರೆ ಮೈಯೆಲ್ಲ ಹೊರಗೆ ಹೋಗಿ ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ.

ಜಾರುಬಂಡಿ ಮತ್ತು ಉಯ್ಯಾಲೆ

ಜಾರುಬಂಡಿಯನ್ನು ಮುಟ್ಟಿ ನೋಡದೆ ಮಗುವನ್ನು ಹತ್ತಿಸಬಾರದು. ಅಂಗೈಯ ಚರ್ಮ ದಪ್ಪವಿರುವುದರಿಂದ ಅಂಗೈ ಹಿಂಬದಿಯನ್ನು ಮೇಲ್ಮೈಗೆ ಒತ್ತಿ ಐದು ಸೆಕೆಂಡು ಹಿಡಿಯಬೇಕು; ಅಷ್ಟು ಹೊತ್ತು ತಾಳಲಾಗದಿದ್ದರೆ ಅದು ಮಗುವಿನ ತೊಡೆಗೆ ಸುಡುವಷ್ಟು ಕಾದಿದೆ ಎಂದೇ ಅರ್ಥ. ಲೋಹ ಮಾತ್ರ ಕಾಯುತ್ತದೆ ಎಂಬ ತಿಳಿವಳಿಕೆ ಸರಿಯಲ್ಲ. ನೇರ ಬಿಸಿಲು ಬಿದ್ದಾಗ ಪ್ಲಾಸ್ಟಿಕ್ಕೂ ನೆಲಕ್ಕೆ ಹಾಸಿದ ರಬ್ಬರೂ ಚರ್ಮ ಸುಡುವಷ್ಟು ಬಿಸಿಯಾಗುತ್ತವೆ, ಗಾಳಿ ತಂಪಾಗಿರುವ ದಿನದಲ್ಲೂ ಹೀಗಾಗುವುದುಂಟು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಚಿಕ್ಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ದೊಡ್ಡವರು ಜಾರುವುದು ಸುರಕ್ಷಿತವೆಂದು ಬಹಳ ಮಂದಿ ನಂಬಿದ್ದಾರೆ. ವಾಸ್ತವದಲ್ಲಿ ಪುಟ್ಟ ಮಕ್ಕಳ ಮೊಣಕಾಲಿನ ಕೆಳಗಿನ ಮೂಳೆ ಮುರಿಯಲು ಇದೊಂದು ಪರಿಚಿತ ಕಾರಣ. ಮಗುವಿನ ಬೂಟಿನ ರಬ್ಬರ್ ಅಟ್ಟೆ ಜಾರುಬಂಡಿಯ ಪಕ್ಕದ ಗೋಡೆಗೆ ಕಚ್ಚಿಕೊಂಡು ಕಾಲು ಅಲ್ಲೇ ನಿಲ್ಲುತ್ತದೆ, ಹಿಂದಿರುವ ದೊಡ್ಡವರ ಭಾರ ಮಾತ್ರ ಕೆಳಗೆ ಸಾಗುತ್ತಲೇ ಇರುತ್ತದೆ, ಕಾಲು ತಿರುಚುತ್ತದೆ. ಒಂಟಿಯಾಗಿ ಜಾರುವ ಮಗುವಿನ ಕಾಲು ಸಿಕ್ಕಿಕೊಂಡರೆ ಅದರ ಹಗುರ ಮೈ ಅಲ್ಲೇ ನಿಂತುಬಿಡುತ್ತದೆ. ಆದ್ದರಿಂದ ತಾನೇ ಜಾರುವಷ್ಟು ತಗ್ಗಿನ ಜಾರುಬಂಡಿಯನ್ನು ಆರಿಸಿ, ದೊಡ್ಡವರು ಪಕ್ಕದಲ್ಲಿ ನಿಂತು ಕೈಯಾಸರೆ ಕೊಡುವುದು ಲೇಸು.

ಮಗು ತಾನಾಗಿ ಹತ್ತಲಾರದ ಸಲಕರಣೆಯ ಮೇಲೆ ಎತ್ತಿ ಕೂರಿಸುವುದೂ ಬೇಡ. ತನ್ನ ಕೈಕಾಲಿನ ಬಲದಿಂದ ಹತ್ತಿದ ಮಗುವಿಗೆ ಸಾಮಾನ್ಯವಾಗಿ ಇಳಿಯುವ ದಾರಿಯೂ ಗೊತ್ತಿರುತ್ತದೆ. ಎತ್ತಿ ಕೂರಿಸಿದ ಮಗುವಿಗೆ ಆ ಅಂದಾಜು ಇರುವುದಿಲ್ಲ.

ಉಯ್ಯಾಲೆಯ ವಿಷಯದಲ್ಲಿ ಕೂತವರಿಗಷ್ಟೇ ಅಲ್ಲ, ಅದರ ಎದುರು ಓಡಾಡುವವರಿಗೂ ಪೆಟ್ಟಾಗುವ ಭಯವಿದೆ. ಉಯ್ಯಾಲೆ ಎಷ್ಟು ದೂರ ಬರುತ್ತದೆ ಎಂಬುದನ್ನು ಮಗುವಿಗೆ ತೋರಿಸಿ, ಅದರಾಚೆಗೆ ಮರಳಿನಲ್ಲಿ ಒಂದು ಗೆರೆ ಎಳೆದು, ಆ ಗೆರೆಯ ಹೊರಗಿನಿಂದಲೇ ಹಾದುಹೋಗಬೇಕೆಂದು ಹೇಳಿಕೊಟ್ಟರೆ ಎರಡೂವರೆ, ಮೂರು ವರ್ಷದ ಮಕ್ಕಳೂ ಕ್ರಮೇಣ ಪಾಲಿಸಲು ಕಲಿಯುತ್ತಾರೆ. ಸರಪಳಿ ಮೇಲಿನ ಕಂಬಿಗೆ ಸೇರುವ ಕೊಕ್ಕೆ ಸವೆದು ತೆಳುವಾಗಿದ್ದರೆ ಅಥವಾ ಬಾಯಿ ಬಿಟ್ಟಿದ್ದರೆ ಆ ಉಯ್ಯಾಲೆಯನ್ನು ಬಳಸಬಾರದು.

ಎಲ್ಲಿ ಕೂರಬೇಕು, ಯಾವಾಗ ಮಾತಾಡಬೇಕು

ಗೇಟು ಮತ್ತು ಎಲ್ಲ ಸಲಕರಣೆಗಳೂ ಕಣ್ಣಳತೆಯಲ್ಲಿರುವ ಬೆಂಚನ್ನು ಆರಿಸಿಕೊಂಡು, ಮೊಬೈಲನ್ನು ಚೀಲದೊಳಗೆ ಇಡಬೇಕು. ಐದು ವರ್ಷದೊಳಗಿನ ಮಗು ಎತ್ತರಕ್ಕೆ ಹತ್ತುತ್ತಿರುವಾಗ ಬೆಂಚಿನಿಂದ ನೋಡಿದರೆ ಸಾಲದು, ಕೈಗೆಟುಕುವಷ್ಟು ಹತ್ತಿರ ನಿಂತಿರಬೇಕು.

ಬೇರೆ ಮಕ್ಕಳೊಡನೆ ಬೆರೆಯುವಂತೆ ಚಿಕ್ಕ ಮಗುವನ್ನು ಒತ್ತಾಯಿಸುವುದು ಅನಗತ್ಯ. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟೆನ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳು ಒಂಟಿಯಾಗಿ ಆಡುವುದು, ದೂರ ನಿಂತು ನೋಡುವುದು, ಪಕ್ಕಪಕ್ಕದಲ್ಲಿ ಕೂತು ತಮ್ಮ ತಮ್ಮ ಆಟವಾಡುವುದು, ಕೊನೆಗೆ ಕೂಡಿ ಆಡುವುದು ಹೀಗೆ ಆಟದ ಬಗೆಗಳನ್ನು ವಿಂಗಡಿಸಿದ್ದರು. ಎರಡು, ಮೂರು ವರ್ಷದ ಇಬ್ಬರು ಮಕ್ಕಳು ಮರಳಿನಲ್ಲಿ ಬೆನ್ನು ತಿರುಗಿಸಿ ಕೂತು ಬೇರೆ ಬೇರೆ ಬಕೆಟ್ ತುಂಬುತ್ತಿದ್ದರೆ ಅವರು ಆ ವಯಸ್ಸಿಗೆ ತಕ್ಕಂತೆ ಜೊತೆಗೂಡಿಯೇ ಆಡುತ್ತಿದ್ದಾರೆ. ಉಯ್ಯಾಲೆಗೆ ಸರದಿ ಬಂದಾಗ "ಸ್ವಲ್ಪ ಹೊತ್ತು" ಎನ್ನುವುದಕ್ಕಿಂತ ಇಪ್ಪತ್ತು ತೂಗು ಎಂದು ಗೊತ್ತುಮಾಡಿ, ಕಾಯುವ ಮಗುವಿನಿಂದಲೇ ಎಣಿಸಿದರೆ ಜಗಳ ಬಹುಪಾಲು ಕಡಿಮೆಯಾಗುತ್ತದೆ.

ಸಲಕರಣೆಗಳು ಎರಡೇ ಇವೆ, ಮಗುವಿಗೆ ಬೇಸರವಾಗುತ್ತದೆ ಎಂದು ಕೊರಗುವವರಿಗೆ ಡೆನ್ಮಾರ್ಕಿನ ಭೂದೃಶ್ಯ ವಿನ್ಯಾಸಕ ಸಿ. ಟಿ. ಸೋರೆನ್‌ಸೆನ್ ಅವರ ಪ್ರಯೋಗ ನೆನಪಾಗಬೇಕು. ತಾವು ರೂಪಿಸಿದ ಅಚ್ಚುಕಟ್ಟಾದ ಆಟದ ಮೈದಾನಗಳಿಗಿಂತ ಹಲಗೆ, ಕಲ್ಲು, ಕಟ್ಟಡದ ಅಳಿದುಳಿದ ಸಾಮಾನುಗಳಿದ್ದ ಜಾಗಗಳೇ ಮಕ್ಕಳನ್ನು ಸೆಳೆಯುತ್ತಿದ್ದುದನ್ನು ಅವರು ಗಮನಿಸಿದ್ದರು. ಅದರ ಫಲವಾಗಿ 1943ರಲ್ಲಿ ಕೋಪನ್‌ಹೇಗನ್ ಬಳಿಯ ಎಮ್‌ಡ್ರಪ್‌ನಲ್ಲಿ ಅಂಥದೇ ಸಾಮಾನುಗಳ ಆಟದ ಮೈದಾನ ತೆರೆಯಿತು. ಪುಟ್ಟ ಪಾರ್ಕಿನಲ್ಲಿ ಆ ಕೆಲಸವನ್ನು ಉದುರಿದ ಎಲೆ, ಕಡ್ಡಿ, ಬೀಜ, ಕಲ್ಲುಗಳು ಮಾಡುತ್ತವೆ. ಮರದ ಬುಡದಲ್ಲಿ ಇರುವೆ ಸಾಲನ್ನು ಕಂಡು ಮಗು ಕುಕ್ಕರುಗಾಲಿನಲ್ಲಿ ಕೂತರೆ ಅವಸರಪಡಿಸಬಾರದು. ಸಾಲಿಗೆ ಅಡ್ಡವಾಗಿ ಒಂದು ಒಣಗಿದ ಎಲೆ ಇಟ್ಟರೆ ಮುಂದಿನ ಇರುವೆ ಕೊಂಚ ತಡವರಿಸಿ, ಮೀಸೆಯಾಡಿಸಿ, ಎಲೆಯ ಅಂಚನ್ನು ಬಳಸಿ ಮತ್ತೆ ಸಾಲು ಸೇರುವುದು ಕಾಣುತ್ತದೆ. ನಾಲ್ಕು ವರ್ಷದ ಮಗು ಇದನ್ನು ಹತ್ತು ನಿಮಿಷ ನೋಡಬಲ್ಲದು, ಆ ಹತ್ತು ನಿಮಿಷ ಜಾರುಬಂಡಿಯ ಹತ್ತು ನಿಮಿಷಕ್ಕೆ ಯಾವ ರೀತಿಯಲ್ಲೂ ಕಡಿಮೆಯದಲ್ಲ.

ಗುಡುಗು ಕೇಳಿದರೆ ಮರದ ಕೆಳಗೆ ನಿಲ್ಲದೆ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಮರಳಿ ಬರಬಾರದು.

ಮನೆಗೆ ಮರಳುವಾಗ

ಇಡೀ ಭೇಟಿಯಲ್ಲಿ ಕಷ್ಟದ ಘಟ್ಟ ಇದೇ. ಗಡಿಯಾರ ಓದಲು ಬಾರದ ಮಗುವಿಗೆ "ಇನ್ನೈದು ನಿಮಿಷ" ಎಂದರೆ ಏನೂ ತಿಳಿಯದು. "ಇನ್ನು ಮೂರು ಸಲ ಜಾರಿ ಹೊರಡೋಣ" ಎಂದರೆ ತಿಳಿಯುತ್ತದೆ. ಮೂರು ಎಂದ ಮೇಲೆ ನಾಲ್ಕಕ್ಕೆ ಒಪ್ಪಿದರೆ ಮರುದಿನ ಆ ಮಾತಿಗೆ ಬೆಲೆ ಇರುವುದಿಲ್ಲ. ಮಗು ಪೂರ್ತಿ ದಣಿದು ರಚ್ಚೆ ಹಿಡಿಯುವ ಮೊದಲೇ ಹೊರಟರೆ ದಾರಿಯೂ ನೆಮ್ಮದಿಯಾಗಿರುತ್ತದೆ. ಬೂಟಿನ ಮರಳನ್ನು ಪಾರ್ಕಿನಲ್ಲೇ ಕೊಡವಿ, ಮನೆಗೆ ಬಂದ ಕೂಡಲೇ, ಏನನ್ನೂ ತಿನ್ನುವ ಮೊದಲು, ಸೋಪು ಹಚ್ಚಿ ಕೈ ತೊಳೆಸಬೇಕು.

ಮುರಿದ ಹಲಗೆ, ಸವೆದ ಕೊಕ್ಕೆ, ಎದ್ದ ಮೊಳೆ ಕಣ್ಣಿಗೆ ಬಿದ್ದಿದ್ದರೆ ಫೋಟೋ ತೆಗೆದು, ಸಲಕರಣೆ ಪಾರ್ಕಿನ ಯಾವ ಕಡೆ ಇದೆ ಎಂಬುದನ್ನೂ ಬರೆದು ನಿರ್ವಹಣೆಯ ಹೊಣೆ ಹೊತ್ತವರಿಗೆ ಅದೇ ದಿನ ತಿಳಿಸಬೇಕು. ದುರಸ್ತಿಯಾಗುವವರೆಗೆ ಅಲ್ಲಿಗೆ ಓಡಿಬರುವ ಬೇರೆ ಮಕ್ಕಳ ಜೊತೆಗಿರುವ ಹಿರಿಯರಿಗೂ ವಿಷಯ ಹೇಳಿ ಎಚ್ಚರಿಸಬೇಕು.